ಖಂಬಾಟ್ಕಿ ಘಾಟ್‌ನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ, ಹೆಡ್ ಇಳಿಸಬೇಕಾ ಬೇಡವಾ?

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನದು 2009ರ ಡೀಸೆಲ್ ಪಿಕಪ್, ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್, ಟರ್ಬೋ ಇದೆ. ಹಳೇ ಪಂಪು-ನಾಜಲ್ ಇಂಜಿನ್ (ಪಂಪಿನಿಂದ ಪ್ರತಿ ಸಿಲಿಂಡರಿಗೂ ಬೇರೆ ಡೀಸೆಲ್ ಪೈಪ್), ಕಾಮನ್ ರೈಲ್ (ಎಲ್ಲಾ ಸಿಲಿಂಡರಿಗೂ ಒಂದೇ ಭಾರೀ ಒತ್ತಡದ ಪೈಪಿನಿಂದ ಡೀಸೆಲ್) ಅಲ್ಲ. ಗುಲ್ಟೆಕ್ಡಿ ಮಾರ್ಕೆಟ್ ಯಾರ್ಡ್‌ನಿಂದ ಸಾತಾರಾ, ಕರಾಡ ಕಡೆ ಮಾಲು ಹೊಡೆಯುತ್ತೇನೆ. ಮನೆ ನಡೆಯುವುದು ಇದೊಂದು ಗಾಡಿಯಿಂದ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮೂರು ವಾರದಿಂದ ಒಂದೇ ಕಥೆ. ಊರೊಳಗೆ ಖಾಲಿ ಓಡಿಸಿದರೆ ಏನೂ ಇಲ್ಲ, ಮುಳ್ಳು ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಲೋಡ್ ಹಾಕಿಕೊಂಡು ಶಿರವಳ ದಾಟಿ ಖಂಬಾಟ್ಕಿ ಘಾಟ್ ಏರಲು ಶುರು ಮಾಡಿದರೆ ಎರಡು ತಿರುವು ಆಗುವಷ್ಟರಲ್ಲಿ ಮುಳ್ಳು ಕೆಂಪಿಗೆ. ಪಕ್ಕಕ್ಕೆ ಹಾಕಿ ನಿಂತರೆ ಇಳಿಯುತ್ತದೆ, ಮತ್ತೆ ಹೊರಟರೆ ಮತ್ತೆ ಅದೇ. ರೇಡಿಯೇಟರ್ ಎರಡು ದಿನಕ್ಕೆ ಅರ್ಧ ಲೀಟರ್ ನೀರು ಕುಡಿಯುತ್ತಿದೆ. ಕೆಳಗೆ ಒಂದು ಹನಿ ಬಿದ್ದಿಲ್ಲ, ರಾತ್ರಿ ರಟ್ಟು ಹಾಸಿ ಬೆಳಿಗ್ಗೆ ನೋಡಿದ್ದೇನೆ, ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹತ್ತು ಸೆಕೆಂಡ್ ಗಾಡಿ ನಡುಗುತ್ತದೆ, ಬಿಳಿ ಹೊಗೆ ಬರುತ್ತದೆ, ಆಮೇಲೆ ಸರಿಹೋಗುತ್ತದೆ.

ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ನಾಳೆ ಬಿಟ್ಟು ಹೋಗು, 35 ಸಾವಿರ" ಅಂದರು. (ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲ್ ಈ ಗ್ಯಾಸ್ಕೆಟ್.) ಒಂದು ಪಾನಾ ಕೂಡ ಕೈಗೆ ತೆಗೆದುಕೊಳ್ಳಲಿಲ್ಲ. ನಿಜವಾಗಿ ಹೋಗಿದ್ದರೆ ಮಾಡಿಸಲೇಬೇಕು, ನನಗೆ ಗೊತ್ತು. ಆದರೆ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಭೋಸರಿ ಫಿಟ್ಟರ್ | ಸೋಮವಾರ ರಾತ್ರಿ 10:25

ತಮ್ಮಾ, ಆ ಮೇಸ್ತ್ರಿ ಹೇಳಿದ್ದು ಸರಿ ಇದ್ದರೂ ಇರಬಹುದು. ನೀನು ಹೇಳಿದ ಲಕ್ಷಣ ಎಲ್ಲಾ ಆ ಕಡೆಗೇ ಬೆರಳು ತೋರಿಸುತ್ತವೆ. ಆದರೆ ಪರೀಕ್ಷೆ ಮಾಡದೆ ಹೆಡ್ ಇಳಿಸಬಾರದು. ಹೆಡ್ ಒಮ್ಮೆ ಇಳಿಸಿದ ಮೇಲೆ ಅದು ಗ್ಯಾಸ್ಕೆಟ್ ತಪ್ಪಾ, ಬೇರೆ ಏನಾದರೂ ತಪ್ಪಾ ಅಂತ ಹೇಳುವುದು ಕಷ್ಟ. ಹೇಗಿದ್ದರೂ ಹೊಸದು ಹಾಕುತ್ತಾರೆ, ಬಿಲ್ ಕೊಡುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಅದೇ ಘಾಟ್‌ನಲ್ಲಿ ನಿಲ್ಲುತ್ತೀಯ.

ಮೊದಲು ಇಷ್ಟು ಹೇಳು. ರೇಡಿಯೇಟರ್ ಮುಚ್ಚಳ ಯಾವಾಗ ಬದಲಾಯಿಸಿದ್ದು? ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ವಾಲ್ವ್) ಇದೆಯೋ, ಯಾರಾದರೂ ಕಿತ್ತು ಬಿಸಾಡಿದ್ದಾರೋ? ಫ್ಯಾನ್ ಬೆಲ್ಟ್ ಬಿಗಿ ಇದೆಯಾ? ಮುಳ್ಳು ನಿಧಾನಕ್ಕೆ ಏರುತ್ತದೋ, ಹಾರಿ ಹಾರಿ ಏರುತ್ತದೋ? ಈ ಕೊನೆಯದು ಬಹಳ ಮುಖ್ಯ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಮುಳ್ಳು ಸಾವಕಾಶ ಏರುತ್ತದೆ. ಸಿಲಿಂಡರಿನ ಗಾಳಿ ನೀರಿನ ದಾರಿಗೆ ನುಗ್ಗುತ್ತಿದ್ದರೆ, ಆ ಗಾಳಿಯ ಗುಳ್ಳೆ ಸೆನ್ಸರ್ ಹತ್ತಿರ ಬಂದಾಗ ಮುಳ್ಳು ಒಮ್ಮೆಗೇ ಎಗರುತ್ತದೆ, ನೀರು ಬಂದಾಗ ಬೀಳುತ್ತದೆ.

ಲೋಡ್‌ನಲ್ಲಿ ಮಾತ್ರ ಯಾಕೆ ಅಂದರೆ, ಟರ್ಬೋ ಡೀಸೆಲ್ ಜೋರಾಗಿ ಎಳೆಯುವಾಗ ಸಿಲಿಂಡರ್ ಒಳಗೆ 100 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ನೀರಿನ ಕಡೆ ಇರುವುದು ಒಂದು ಬಾರ್. ಕೂದಲೆಳೆ ಬಿರುಕು ಇದ್ದರೂ ಸಾಕು, ಗಾಳಿ ನುಗ್ಗಿ ನೀರನ್ನು ಹೊರಗೆ ತಳ್ಳಿಬಿಡುತ್ತದೆ. ಖಾಲಿ ಗಾಡಿಯಲ್ಲಿ ಅಷ್ಟು ಒತ್ತಡ ಬರುವುದಿಲ್ಲ, ಅದಕ್ಕೇ ಊರೊಳಗೆ ಗೊತ್ತಾಗುವುದಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡ. ಬಟ್ಟೆ ಹಾಕಿಕೊಂಡೂ ಬೇಡ. ನಮ್ಮ ಶೆಡ್‌ನಲ್ಲೇ ಒಬ್ಬ ಹುಡುಗನ ಕುತ್ತಿಗೆಯಿಂದ ಎದೆವರೆಗೂ ಚರ್ಮ ಸುಟ್ಟಿದ್ದು ನೋಡಿದ್ದೇನೆ.

ತುರ್ಭೆ ತರಕಾರಿ ಗಾಡಿ, ನವಿ ಮುಂಬೈ | ಸೋಮವಾರ ರಾತ್ರಿ 10:50

ಆಯಿಲ್ ಜೊತೆ ನೀರು ಸೇರಿದೆಯಾ ನೋಡಿ ಅಣ್ಣಾ. ಆದರೆ ಆಯಿಲ್ ಹಾಕುವ ಮುಚ್ಚಳದ ಅಡಿ ನೋಡಿ ಹೆದರಬೇಡಿ. ಹೋದ ಮಳೆಗಾಲದಲ್ಲಿ ನನ್ನ ಗಾಡಿಯ ಮುಚ್ಚಳದ ಅಡಿ ಕೆನೆ ಕಟ್ಟಿದ ಹಾಗೆ ಬೆಳ್ಳಗೆ ಅಂಟಿತ್ತು. ಹೆಡ್ ಹೋಯಿತು ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ತುರ್ಭೆ ಮಾರ್ಕೆಟ್‌ನಿಂದ ಹತ್ತಿರದ ಅಂಗಡಿಗಳಿಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದೆ, ಇಂಜಿನ್ ಪೂರ್ತಿ ಬಿಸಿಯೇ ಆಗುತ್ತಿರಲಿಲ್ಲ, ಮಳೆಗಾಲದ ತೇವ ಒಳಗೇ ಕೂತು ಆಯಿಲ್ ಜೊತೆ ಸೇರಿ ಹಾಗೆ ಆಗಿತ್ತು. ಒಂದು ಸಲ ಪನ್ವೇಲ್ ದಾಟಿ ದೂರ ಓಡಿಸಿಕೊಂಡು ಬಂದ ಮೇಲೆ ಹೋಯಿತು. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ನೋಡಿ. ಅದರ ಮೇಲೆ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ, ಆಯಿಲ್ ಮಟ್ಟ ಏರಿದ್ದರೆ, ಆಗ ಗಾಡಿ ಸ್ಟಾರ್ಟೇ ಮಾಡಬೇಡಿ.

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಮಂಗಳವಾರ ಬೆಳಿಗ್ಗೆ 7:15

ಕಾಕಾ, ಮುಳ್ಳು ಹಾರಿ ಹಾರಿ ಏರುತ್ತದೆ. ನೀವು ಕೇಳಿದ ಮೇಲೆ ನೆನಪಾಯಿತು, ಒಮ್ಮೆ ಕೆಂಪಿಗೆ ಹೋಗಿ ಮರುಕ್ಷಣ ಅರ್ಧಕ್ಕೆ ಬಿದ್ದಿತ್ತು, ಮೀಟರ್ ಕೆಟ್ಟಿದೆ ಅಂದುಕೊಂಡಿದ್ದೆ. ಥರ್ಮೋಸ್ಟಾಟ್ ಇಲ್ಲ, ಎರಡು ವರ್ಷದ ಹಿಂದೆ ಒಬ್ಬರು ತೆಗೆದು ಹಾಕಿದರು, "ನಮ್ಮ ಹವೆಗೆ ಬೇಕಾಗಿಲ್ಲ" ಅಂದಿದ್ದರು. ಡಿಪ್‌ಸ್ಟಿಕ್ ಸ್ವಚ್ಛ ಇದೆ. ಬೆಲ್ಟ್ ಬಿಗಿ ಇದೆ. ಮುಚ್ಚಳದ ರಬ್ಬರ್ ಸೀಳಿದೆ, ಇವತ್ತು ಹೊಸದು ತರುತ್ತೇನೆ.

ಭೋಸರಿ ಫಿಟ್ಟರ್ | ಮಂಗಳವಾರ ಬೆಳಿಗ್ಗೆ 8:05

ಮುಚ್ಚಳ ತರುವಾಗ ಹಳೆಯದರ ಮೇಲಿನ ನಂಬರ್ ನೋಡಿ ತಾ, 0.9 ಅಥವಾ 1.1 ಅಂತ ಇರುತ್ತದೆ, ಅದು ಮುಚ್ಚಳ ಹಿಡಿಯುವ ಒತ್ತಡ, ಬಾರ್ ಲೆಕ್ಕದಲ್ಲಿ. ಜನ ಇದನ್ನು ಸುಮ್ನೆ ಒಂದು ಮುಚ್ಚಳ ಅಂದುಕೊಳ್ಳುತ್ತಾರೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 120ರ ಹತ್ತಿರದವರೆಗೂ ಕುದಿಯುವುದಿಲ್ಲ. ಒಂದು ರಬ್ಬರ್ ವಾಶರ್ ಸೀಳಿದರೆ ಆ 20 ಡಿಗ್ರಿ ಹೋಯಿತು. ಮುಚ್ಚಳದಿಂದಲೇ ನೀರು ಕಮ್ಮಿಯಾಗುವ ಗಾಡಿಗಳು ಬೇಕಾದಷ್ಟಿವೆ.

ನಾಳೆ ಬೆಳಿಗ್ಗೆ ಇದನ್ನು ಮಾಡು. ಹೊಸ ಮುಚ್ಚಳ ಹಾಕಿರು, ಗಾಡಿ ರಾತ್ರಿಯೆಲ್ಲಾ ನಿಂತಿರಲಿ. ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಹಿಸುಕಿ ನೋಡು, ಮೆತ್ತಗಿರಬೇಕು. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಮತ್ತೆ ಹಿಸುಕು. ನೀರು ಬಿಸಿಯಾಗಿ ಹಿಗ್ಗಿದರೆ ಪೈಪ್ ಗಟ್ಟಿಯಾಗುವುದು ಸಹಜ. ಆದರೆ ಎರಡು ನಿಮಿಷದಲ್ಲಿ ನೀರು ಇನ್ನೂ ತಣ್ಣಗಿರುತ್ತದೆ. ತಣ್ಣಗಿದ್ದೂ ಗಟ್ಟಿಯಾಯಿತು ಅಂದರೆ ಆ ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನಿಂದಲೇ.

ವಾಸ್ಕೋ ಡೀಸೆಲ್, ಗೋವಾ | ಮಂಗಳವಾರ ಮಧ್ಯಾಹ್ನ 1:30

ಅಣ್ಣಾ, ಒಂದು ನಿಮಿಷ ನನ್ನದೂ ಕೇಳಿ. ನಿಮ್ಮ ಗಾಡಿಗೆ ಇಜಿಆರ್ ಕೂಲರ್ (ಇಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ನೀರಿನಿಂದ ತಣ್ಣಗೆ ಮಾಡುವ ಭಾಗ) ಇದೆಯಾ? ನನ್ನ ಹಳೇ ಪಿಕಪ್‌ನಲ್ಲಿ ಇದೇ ಲಕ್ಷಣ, ಬಿಳಿ ಹೊಗೆ, ನೀರು ಮಾಯ, ಕೆಳಗೆ ಹನಿ ಇಲ್ಲ. ಅನ್ಮೋಡ ಘಾಟ್ ಹತ್ತಿ ಬೆಳಗಾವಿ ಕಡೆ ಹೋಗುವುದೇ ಬಿಟ್ಟಿದ್ದೆ. ಹೆಡ್ ಇಳಿಸಿದರು, ಗ್ಯಾಸ್ಕೆಟ್ ಹಾಕಿದರು, ದುಡ್ಡು ಹೋಯಿತು, ನೀರು ಹೋಗುವುದು ನಿಲ್ಲಲಿಲ್ಲ. ಕೊನೆಗೆ ಇಜಿಆರ್ ಕೂಲರ್ ಒಳಗಡೆ ತೂತಾಗಿ ನೀರು ನೇರ ಇಂಜಿನ್ ಉಸಿರಿನ ದಾರಿಗೆ ಹೋಗುತ್ತಿತ್ತು. ಕೂಲರ್‌ನ ನೀರಿನ ಪೈಪ್ ಎರಡನ್ನೂ ಬಿಚ್ಚಿ ಒಂದಕ್ಕೊಂದು ಜೋಡಿಸಿ ಎರಡು ದಿನ ಓಡಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆ ಗ್ಯಾರೇಜಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆ ಬೇಜಾರು ಇವತ್ತಿಗೂ ಹೋಗಿಲ್ಲ.

ಹಡಪ್ಸರ್ ನರ್ಸರಿ ಅಕ್ಕ, ಪುಣೆ | ಮಂಗಳವಾರ ಸಂಜೆ 6:10

ನಮ್ಮದು ಗಿಡ ಸಾಗಿಸುವ ಪಿಕಪ್, 2006ರದ್ದು. ನಮಗೂ ಘಾಟ್‌ನಲ್ಲಿ ಬಿಸಿಯಾಗುತ್ತಿತ್ತು, ಆದರೆ ಅದು ಬರೀ ರೇಡಿಯೇಟರ್. ಬೋರ್‌ವೆಲ್ ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿಕೊಂಡಿತ್ತು. ಜೊತೆಗೆ ಒಂದು ಸಲ ದಾರಿಯಲ್ಲಿ ಸೋರಿದಾಗ ನಮ್ಮ ಡ್ರೈವರ್ ಅರಿಶಿನ ಪುಡಿ ಹಾಕಿದ್ದ, ದಾರಿಯಲ್ಲಿ ಎಲ್ಲರೂ ಮಾಡುವ ಉಪಾಯ ಅದು. ಸೋರುವುದು ನಿಂತಿತು, ಪೈಪುಗಳೂ ಅರ್ಧಕ್ಕರ್ಧ ಮುಚ್ಚಿಕೊಂಡವು. ಇಂಜಿನ್ ಬಿಸಿ ಇದ್ದಾಗ ಮುಂದೆ ಫ್ಯಾನಿಗೆ ಕೈ ತಾಗದ ಹಾಗೆ ಹುಷಾರಾಗಿ ರೇಡಿಯೇಟರಿನ ಹತ್ತಿರ ಅಂಗೈ ಹಿಡಿದು ನೋಡಿದೆವು, ಮೇಲೆ ಸುಡುತ್ತದೆ, ಕೆಳಗೆ ಎಡಮೂಲೆ ತಣ್ಣಗೆ. ಅಲ್ಲಿ ನೀರೇ ಓಡುತ್ತಿರಲಿಲ್ಲ. ನಿಮ್ಮದೂ ನೋಡಿ ತಮ್ಮಾ.

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಬುಧವಾರ ಬೆಳಿಗ್ಗೆ 6:50

ಈಗಷ್ಟೇ ಮಾಡಿ ಬಂದೆ. ಕತ್ತಲೆ ಇತ್ತು, ಮೊಬೈಲ್ ಬೆಳಕಲ್ಲಿ ಮಾಡಿದೆ. ಹೋಸ್ ಪೈಪ್ ಮೊದಲು ಹಿಸುಕಿದಾಗ ಬಾಳೆದಿಂಡಿನ ಮೆತ್ತನೆ ಸಿಪ್ಪೆ ಹಿಡಿದ ಹಾಗಿತ್ತು, ಬೆರಳು ಒಳಗೆ ಹೋಗುತ್ತಿತ್ತು. ಸ್ಟಾರ್ಟ್ ಮಾಡಿದೆ, ಅದೇ ನಡುಕ, ಅದೇ ಹೊಗೆ. ಎರಡು ನಿಮಿಷಕ್ಕೆ ಹಿಡಿದರೆ ಪೈಪ್ ತಣ್ಣಗಿದೆ, ಚಳಿಗೆ ಕೈಗೆ ಕೊರೆಯುವಷ್ಟು ತಣ್ಣಗಿದೆ, ಆದರೆ ಸೈಕಲ್ ಟಯರ್ ಹಾಗೆ ಬಿಗಿದು ನಿಂತಿದೆ. ಹೆಬ್ಬೆರಳು ಒತ್ತಿದರೂ ತಗ್ಗಲಿಲ್ಲ. ಎದೆ ಧಸಕ್ ಅಂದಿತು.

ವಾಸ್ಕೋ ಅಣ್ಣಾ, ನನ್ನದರಲ್ಲಿ ಇಜಿಆರ್ ವಾಲ್ವ್ ಇದೆ, ಕೂಲರ್ ಇಲ್ಲ. ನೀರಿನ ಪೈಪ್ ಆ ಕಡೆ ಹೋಗಿಯೇ ಇಲ್ಲ. ಅಕ್ಕಾ, ಸಂಜೆ ರೇಡಿಯೇಟರ್ ನೋಡುತ್ತೇನೆ.

ಭೋಸರಿ ಫಿಟ್ಟರ್ | ಬುಧವಾರ ಬೆಳಿಗ್ಗೆ 8:20

ಇದು ದೊಡ್ಡ ಸುಳಿವು. ಆದರೂ ಇನ್ನೊಂದು ಸಾಕ್ಷಿ ಬೇಕು. ನಾನಾ ಪೇಠ್‌ಗೆ ಹೋಗು, ಬಿಡಿಭಾಗದ ಅಂಗಡಿಗಳಲ್ಲಿ ಬ್ಲಾಕ್ ಟೆಸ್ಟ್ ಕಿಟ್ ಕೇಳು. ಒಂದು ಗಾಜಿನ ಕೊಳವೆ, ಒಂದು ರಬ್ಬರ್ ಬಲ್ಬ್, ಒಂದು ಬಾಟಲಿ ನೀಲಿ ದ್ರವ. ರೇಡಿಯೇಟರಿನ ಬಾಯಿಗೆ ಕೊಳವೆ ಇಟ್ಟು, ಇಂಜಿನ್ ಓಡುತ್ತಿರುವಾಗ ಬಲ್ಬ್ ಒತ್ತಿ ಅಲ್ಲಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಸುಟ್ಟ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ತಾಗಿದರೆ ಬಣ್ಣ ಬದಲಾಗುತ್ತದೆ. ಪೆಟ್ರೋಲ್ ಗಾಡಿಗೆ ಹಳದಿ, ಡೀಸೆಲ್‌ಗೆ ಹಸಿರು. ಡೀಸೆಲ್‌ನವರು ಹಳದಿಗೆ ಕಾಯುತ್ತಾ ಕೂತು "ಏನೂ ಇಲ್ಲ" ಅಂದುಬಿಡುತ್ತಾರೆ, ಹಾಗೆ ಮಾಡಬೇಡ. ಮೊದಲೇ ರೇಡಿಯೇಟರಿನಿಂದ ನಾಲ್ಕು ಬೆರಳಷ್ಟು ನೀರು ತೆಗೆದುಬಿಡು, ಇಲ್ಲದಿದ್ದರೆ ಆ ನೀರು ಕೊಳವೆಗೆ ಏರಿ ದ್ರವ ಕೆಡುತ್ತದೆ. ಇಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಶುರು ಮಾಡು.

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಗುರುವಾರ ರಾತ್ರಿ 9:05

ಕಿಟ್ ತಂದು ಮಾಡಿದೆ. ಮೊದಲನೇ ಸಲ ನೀರು ಏರಿಬಿಟ್ಟಿತು, ದ್ರವ ಚೆಲ್ಲಿ ಕೊಳವೆ ತೊಳೆದು ಒಣಗಿಸಿ ಮತ್ತೆ ಮಾಡಿದೆ. ಎರಡನೇ ಸಲ ಒಂದು ನಿಮಿಷ ನೀಲಿಯೇ ಇತ್ತು. ಆಮೇಲೆ ಪಾಚಿ ಬಣ್ಣಕ್ಕೆ ತಿರುಗಿತು. ಖಾತ್ರಿಗೆ ಮೂರನೇ ಸಲವೂ ಮಾಡಿದೆ, ಅದೇ ಹಸಿರು. ಪಕ್ಕದ ಮನೆಯವರ ಡೀಸೆಲ್ ಕಾರಿಗೂ ಹಿಡಿದು ನೋಡಿದೆ, ಅದು ನೀಲಿಯಾಗಿಯೇ ಉಳಿಯಿತು. ಅಂದರೆ ದ್ರವ ಸರಿ ಇದೆ.

ರೇಡಿಯೇಟರ್ ಕೂಡ ನೋಡಿದೆ. ಅಕ್ಕ ಹೇಳಿದ ಹಾಗೇ, ಕೆಳಗಿನ ಮೂರನೇ ಒಂದು ಭಾಗ ತಣ್ಣಗಿದೆ. ಈಗ ತಲೆ ಕೆಟ್ಟಿದೆ. ಎರಡರಲ್ಲಿ ಯಾವುದು?

ಭೋಸರಿ ಫಿಟ್ಟರ್ | ಗುರುವಾರ ರಾತ್ರಿ 9:50

ಎರಡೂ, ತಮ್ಮಾ. ರೇಡಿಯೇಟರ್ ಮೊದಲು ಕಟ್ಟಿಕೊಂಡಿದೆ, ಗಾಡಿ ಹಲವು ಸಲ ಬಿಸಿಯಾಗಿದೆ, ಹೆಡ್ ಬಾಗಿದೆ, ಗ್ಯಾಸ್ಕೆಟ್ ಸುಟ್ಟಿದೆ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಗ್ಯಾಸ್ಕೆಟ್ ತಾನಾಗೇ ಹೋಗಿದ್ದು ಬಹಳ ಕಮ್ಮಿ, ಏನೋ ಒಂದು ಅದನ್ನು ಸುಟ್ಟಿರುತ್ತದೆ. ಥರ್ಮೋಸ್ಟಾಟ್ ತೆಗೆದದ್ದೂ ತಪ್ಪು. ಕೆಲವು ಇಂಜಿನ್‌ನಲ್ಲಿ ಅದು ತೆರೆದಾಗಲೇ ಬೈಪಾಸ್ ದಾರಿ ಮುಚ್ಚುವುದು. ಕಿತ್ತು ಹಾಕಿದರೆ ಒಂದಿಷ್ಟು ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ.

ಈಗ ಯಾವ ಸಿಲಿಂಡರ್ ಅಂತ ಹುಡುಕು. ನಿನ್ನದು ಹಳೇ ಪಂಪ್, ಅದಕ್ಕೆ ನಮ್ಮ ಕಾಲದ ಒಂದು ಉಪಾಯ ಇದೆ. ತಣ್ಣಗಿರುವಾಗ ಮುಚ್ಚಳ ತೆಗೆದು ರೇಡಿಯೇಟರಿನ ಬಾಯಿಯವರೆಗೆ ನೀರು ತುಂಬಿಸಿ ಸ್ಟಾರ್ಟ್ ಮಾಡು. ಮೊದಲು ಬರುವ ಒಂದೆರಡು ಗುಳ್ಳೆ ಲೆಕ್ಕಕ್ಕಿಲ್ಲ, ಒಳಗೆ ಸಿಕ್ಕಿದ ಗಾಳಿ ಅದು. ನಿಲ್ಲದೆ ಬರುತ್ತಿದ್ದರೆ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ಆ ಸಿಲಿಂಡರ್ ಕೆಲಸ ನಿಲ್ಲಿಸು. ಯಾವುದನ್ನು ನಿಲ್ಲಿಸಿದಾಗ ಗುಳ್ಳೆ ಕಮ್ಮಿಯಾಗುತ್ತದೋ ಅದೇ ಕಳ್ಳ. ಆದರೆ ಓದುತ್ತಿರುವ ಎಲ್ಲರಿಗೂ ಹೇಳುತ್ತೇನೆ, ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಯಾವತ್ತೂ ಮಾಡಬೇಡಿ. ಅಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈ ಕತ್ತರಿಸುವ ಪರಿಸ್ಥಿತಿ ಬರಬಹುದು.

ಆಮೇಲೆ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಎಲ್ಲಾ ತೆಗೆದು ಕಂಪ್ರೆಶನ್, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ, ನೋಡಿಸು. ಡೀಸೆಲ್ ಗೇಜ್ ಇರುವವರ ಹತ್ತಿರವೇ ಹೋಗು, ಪೆಟ್ರೋಲ್ ಗೇಜ್ ಇಷ್ಟು ಒತ್ತಡ ತಾಳುವುದಿಲ್ಲ.

ತುರ್ಭೆ ತರಕಾರಿ ಗಾಡಿ, ನವಿ ಮುಂಬೈ | ಗುರುವಾರ ರಾತ್ರಿ 10:15

ಕಾಕಾ, ಬಾಟಲಿಯಲ್ಲಿ ಸಿಗುವ ಲೀಕ್ ಸ್ಟಾಪ್ ಹಾಕಿ ಒಂದು ಸೀಸನ್ ತಳ್ಳಬಹುದಾ? ಈಗ ಮಾಲಿನ ಸೀಸನ್, ಗಾಡಿ ನಿಲ್ಲಿಸುವುದು ಕಷ್ಟ ಅಲ್ವಾ.

ಭೋಸರಿ ಫಿಟ್ಟರ್ | ಗುರುವಾರ ರಾತ್ರಿ 10:30

ಕಷ್ಟ ಗೊತ್ತಪ್ಪಾ. ಆದರೆ 100 ಬಾರ್ ಒತ್ತಡಕ್ಕೆ ಆ ಅಂಟು ನಿಲ್ಲುವುದಿಲ್ಲ, ಅದು ಹೋಗಿ ಕೂರುವುದು ರೇಡಿಯೇಟರಿನ ಸಣ್ಣ ಪೈಪುಗಳಲ್ಲಿ. ಇನ್ನೊಂದು ಅಪಾಯ ಇದೆ. ಈ ಪಿಕಪ್ ಬೆಳಿಗ್ಗೆ ನಡುಗುತ್ತಿರುವುದು ರಾತ್ರಿ ಸಿಲಿಂಡರಿಗೆ ನೀರು ಇಳಿದಿರುವುದಕ್ಕೆ. ಅದು ಜಾಸ್ತಿಯಾದ ದಿನ ಪಿಸ್ಟನ್ ಮೇಲೆ ಬಂದಾಗ ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ 35 ಸಾವಿರಕ್ಕೂ ಮುಗಿಯುವುದಿಲ್ಲ.

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಶನಿವಾರ ಸಂಜೆ 7:30

ಕಂಪ್ರೆಶನ್ ನೋಡಿಸಿದೆ. ಒಂದನೇದು 390 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ), ಎರಡನೇದು 300, ಮೂರನೇದು 310, ನಾಲ್ಕನೇದು 385. ಆಮೇಲೆ ರೇಡಿಯೇಟರಿಗೆ ಕೈ ಪಂಪ್ ಹಾಕಿ 15 ಪಿಎಸ್‌ಐ ಒತ್ತಡ ಕೊಟ್ಟು ಅರ್ಧ ಗಂಟೆ ಬಿಟ್ಟರು, ಪಂಪಿನ ಒತ್ತಡದ ಮುಳ್ಳು ನಿಧಾನಕ್ಕೆ ಇಳಿಯಿತು. ಹೀಟರ್ ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದಾಗ ಮೂರನೇ ತೂತಿನಿಂದ ಪಿಚಕಾರಿ ಹಾಗೆ ನೀರು ಹಾರಿತು. ನನ್ನ ಅಂಗಿಯ ಮೇಲೆಲ್ಲಾ ಬಿತ್ತು. ಇನ್ನು ಅನುಮಾನ ಉಳಿಯಲಿಲ್ಲ.

ಭೋಸರಿ ಫಿಟ್ಟರ್ | ಶನಿವಾರ ರಾತ್ರಿ 8:10

ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದರೆ ನಡುವಿನ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟಿದೆ ಅಂತಲೇ ಅರ್ಥ. ಪಿಸ್ಟನ್ ರಿಂಗ್ ಸವೆದಿದ್ದರೆ ಹೀಗೆ ಜೋಡಿಯಾಗಿ ಬೀಳುವುದು ಅಪರೂಪ. ಈಗ ಧೈರ್ಯವಾಗಿ ಇಳಿಸು. ಹೆಡ್ ಇಳಿಸಿದ ಮೇಲೆ ನೀನೇ ಅಲ್ಲಿ ನಿಂತು ಇವನ್ನು ನೋಡು. ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ಬಾಗು ಅಳೆಯಲಿ, ಬ್ಲಾಕಿನ ಮೇಲೂ ಅಳೆಯಲಿ. ಫೇಸಿಂಗ್ (ಹೆಡ್ಡಿನ ಅಡಿ ಮೈ ಉಜ್ಜಿ ಸಮ ಮಾಡುವುದು) ಮಾಡುವ ಮುಂಚೆ ಒತ್ತಡ ಕೊಟ್ಟು ಬಿರುಕು ನೋಡಲಿ, ವಾಲ್ವ್‌ಗಳ ನಡುವೆ ಸೀಳುವುದು ಜಾಸ್ತಿ. ಬಿರುಕು ಇದ್ದ ಹೆಡ್‌ಗೆ ಫೇಸಿಂಗ್ ಮಾಡಿ ದುಡ್ಡು ಕಳೆಯಬೇಡ. ಹೊಸ ಗ್ಯಾಸ್ಕೆಟ್ ದಪ್ಪವನ್ನು ಅಂಚಿನ ಕಚ್ಚುಗಳ ಲೆಕ್ಕದಲ್ಲಿ ಗುರುತಿಸುತ್ತಾರೆ, ಪಿಸ್ಟನ್ ಬ್ಲಾಕಿಗಿಂತ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್ ಇಟ್ಟು ಅಳೆದು ಅದಕ್ಕೆ ತಕ್ಕದ್ದು ಹಾಕಬೇಕು. ಬೋಲ್ಟ್ ಹೊಸದೇ ಇರಲಿ. ಬೋಲ್ಟ್ ತೂತಿನಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಬಿಗಿಯುವಾಗ ಬ್ಲಾಕೇ ಸೀಳಬಹುದು, ಗಾಳಿ ಹೊಡೆದು ಒಣಗಿಸಲಿ. ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಇಲ್ಲದ ಕಡೆ ಕೆಲಸ ಕೊಡಬೇಡ.

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಮುಂದಿನ ಶುಕ್ರವಾರ ರಾತ್ರಿ 9:30

ಮೊದಲಿನ ಗ್ಯಾರೇಜ್ ಅಲ್ಲ, ಟಾರ್ಕ್ ರೆಂಚ್ ಇರುವವರನ್ನು ಹುಡುಕಿ ಕೊಟ್ಟೆ. ಹೆಡ್ ಎತ್ತಿದಾಗ ಅಲ್ಲೇ ನಿಂತಿದ್ದೆ. ಗ್ಯಾಸ್ಕೆಟ್ಟಿನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಉಕ್ಕಿನ ಉಂಗುರ ತೆಳ್ಳಗಾಗಿ ಕಪ್ಪಗೆ ಸುಟ್ಟಿತ್ತು, ಅಲ್ಲಿಂದ ನೀರಿನ ತೂತಿಗೆ ಬೆರಳುಗುರಿನಷ್ಟು ಅಗಲದ ಕಂದು ದಾರಿ. ಮೂರನೇ ಪಿಸ್ಟನ್ ತಲೆ ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛ, ಉಳಿದ ಮೂರೂ ಮಸಿ. ನೀರಿನ ಆವಿ ತೊಳೆದದ್ದು ಅಂತ ಮೇಸ್ತ್ರಿ ತೋರಿಸಿದರು. ಬಾಗು 0.12 ಮಿಲಿಮೀಟರ್ ಇತ್ತು, ಮ್ಯಾನುಯಲ್ ಪ್ರಕಾರ ಅದು ಜಾಸ್ತಿ. ಬಿರುಕು ಇರಲಿಲ್ಲ. ಫೇಸಿಂಗ್ ಆಯಿತು, ರೇಡಿಯೇಟರ್ ಬಿಚ್ಚಿ ಸಲಾಕೆ ಹಾಕಿ ಸ್ವಚ್ಛ ಮಾಡಿಸಿದೆ, ಥರ್ಮೋಸ್ಟಾಟ್ ಹೊಸದು, ಬೋರ್‌ವೆಲ್ ನೀರಿನ ಬದಲು ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ). ಎಲ್ಲಾ ಸೇರಿ 24 ಸಾವಿರ ಆಯಿತು.

ಹಡಪ್ಸರ್ ನರ್ಸರಿ ಅಕ್ಕ, ಪುಣೆ | ಶುಕ್ರವಾರ ರಾತ್ರಿ 9:55

ಘಾಟ್ ಹತ್ತಿಸಿ ನೋಡಿದಿರಾ?

ಮಾರ್ಕೆಟ್ ಯಾರ್ಡ್ ಪಿಕಪ್, ಪುಣೆ | ಭಾನುವಾರ ಮಧ್ಯಾಹ್ನ 2:40

ಹತ್ತಿಸಿದೆ ಅಕ್ಕಾ. ಒಂದು ಟನ್ ಈರುಳ್ಳಿ ಲೋಡ್, ಬಿಸಿಲು ನೆತ್ತಿಗೆ ಬಂದ ಹೊತ್ತು. ಮೊದಲು ನಿಲ್ಲಿಸುತ್ತಿದ್ದ ತಿರುವಿನಲ್ಲಿ ಕಾಲು ತಾನಾಗೇ ಬ್ರೇಕ್ ಕಡೆ ಹೋಯಿತು. ಮುಳ್ಳು ಅರ್ಧದ ಗೆರೆಯಿಂದ ಒಂದು ಕೂದಲು ಮೇಲೆ ಏರಿ ಅಲ್ಲೇ ನಿಂತಿತ್ತು. ಮೇಲೆ ಹೋಗಿ ಹತ್ತು ನಿಮಿಷ ನಿಲ್ಲಿಸಿ ರಿಸರ್ವ್ ಬಾಟಲಿ ನೋಡಿದೆ, ಬೆಳಿಗ್ಗೆ ಪೆನ್ನಿನಲ್ಲಿ ಹಾಕಿದ ಗೆರೆಗಿಂತ ಎರಡು ಬೆರಳು ಮೇಲಿತ್ತು, ಬಿಸಿಗೆ ಹಿಗ್ಗಿದ್ದು ಅಷ್ಟೇ. ಇವತ್ತು ಬೆಳಿಗ್ಗೆ ತಣ್ಣಗಾದ ಮೇಲೆ ನೋಡಿದರೆ ಸರಿಯಾಗಿ ಗೆರೆಯ ಮೇಲೇ ಇದೆ. ಹೋಸ್ ಪೈಪ್ ಹಿಸುಕಿದೆ, ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಮತ್ತೆ ಹಿಸುಕಿದೆ, ಮೆತ್ತಗೇ ಇತ್ತು.

ಕಾಕಾ, ಸುಟ್ಟ ಗ್ಯಾಸ್ಕೆಟ್ ಬಿಸಾಡಿಲ್ಲ, ಸೀಟಿನ ಹಿಂದೆ ಇಟ್ಟಿದ್ದೇನೆ. ಭೋಸರಿ ಕಡೆ ಬಾಡಿಗೆ ಬಂದಾಗ ತಂದು ತೋರಿಸುತ್ತೇನೆ.

ಭೋಸರಿ ಫಿಟ್ಟರ್ | ಭಾನುವಾರ ಮಧ್ಯಾಹ್ನ 3:15

ಬಾ ತಮ್ಮಾ, ತರಲೇಬೇಕು. ನಮ್ಮ ಶೆಡ್ ಹುಡುಗರಿಗೆ ಅದನ್ನೇ ಕೈಯಲ್ಲಿ ಕೊಟ್ಟು ಕಲಿಸುತ್ತೇನೆ. ಸಾವಿರ ಕಿಲೋಮೀಟರ್ ಆದ ಮೇಲೆ ನೀರಿನ ಮಟ್ಟ ಇನ್ನೊಮ್ಮೆ ಇಲ್ಲಿ ಬರೆ.